ಗಾಡಿಗೆ ಹ್ಯಾಮ್ ರೇಡಿಯೊ ಕೂಡಿಸುವುದು: ತಾಮ್ರ, ತಗಡು, ಆಂಟೆನಾ

50 ವಾಟ್‌ನ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಗಾಡಿಯಲ್ಲಿ ಕೂತ ಮೇಲೂ 50 ವಾಟ್ ಕೊಡುತ್ತದೆ ಎಂಬ ಖಾತ್ರಿಯಿಲ್ಲ. ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದರೆ ಪವರ್ ಇಳಿಯುತ್ತದೆ. ಆಂಟೆನಾದ ಬುಡಕ್ಕೆ ತಗಡಿನ ಸಂಪರ್ಕ ಸರಿಯಾಗಿ ಸಿಗದಿದ್ದರೆ, ಸೆಟ್ಟು ತನ್ನ ಟ್ರಾನ್ಸಿಸ್ಟರ್ ಉಳಿಸಿಕೊಳ್ಳಲು ತಾನೇ ಪವರ್ ಇಳಿಸಿಕೊಳ್ಳುತ್ತದೆ. ಮಾತಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಡಿಸ್‌ಪ್ಲೇ ಮೇಲೆ ‘ಹೈ’ ಅಂತಲೇ ಇರುತ್ತದೆ. ಆಚೆ ಕಡೆಯವರಿಗೆ ಮಾತ್ರ ಮಾತು ಕಡಿದು ಕಡಿದು ಕೇಳುತ್ತದೆ. ಹೀಗಾಗಿ ಯಾವ ಕಂಪನಿಯ ಸೆಟ್ ತಗೊಳ್ಳಲಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಸೆಟ್ಟಿನ ಬಜೆಟ್ ಸ್ವಲ್ಪ ಇಳಿಸಿ, ಉಳಿದ ದುಡ್ಡನ್ನು ತಾಮ್ರಕ್ಕೂ ಆಂಟೆನಾಕ್ಕೂ ಹಾಕಿ.

ಇಲ್ಲಿ ಹೇಳುವುದೆಲ್ಲ 2 ಮೀಟರ್ ಬ್ಯಾಂಡಿನ (ಅಲೆಯ ಉದ್ದ ಸುಮಾರು 2 ಮೀಟರ್) ಎಫ್‌ಎಂ ಮೊಬೈಲ್ ಸೆಟ್ಟಿನ, ಅಂದರೆ ಗಾಡಿಯಲ್ಲಿಡುವ ಸೆಟ್ಟಿನ ಬಗ್ಗೆ. ನಮ್ಮ ದೇಶದಲ್ಲಿ ಅದು 144ರಿಂದ 146 ಮೆಗಾಹರ್ಟ್ಸ್. ಡ್ಯುಯಲ್ ಬ್ಯಾಂಡ್ ಸೆಟ್ಟಿದ್ದರೆ 434ರಿಂದ 438 ಕೂಡ ಬರುತ್ತದೆ, ಅದಕ್ಕೂ ಇದೇ ವೈರಿಂಗ್ ಸಾಕು. ಪರೀಕ್ಷೆ ಪಾಸಾಗಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಮತ್ತು ಕಾಲ್‌ಸೈನ್ (ನಿಮ್ಮನ್ನು ಗುರುತಿಸುವ ಅಕ್ಷರ, ಅಂಕಿ) ಕೈಗೆ ಬಂದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು. ಚಲಿಸುವ ಗಾಡಿಯಿಂದ ಪ್ರಸಾರ ಮಾಡಲು ನಿಮ್ಮ ಲೈಸೆನ್ಸ್‌ನಲ್ಲಿ ಅವಕಾಶ ಇದೆಯೇ ಎಂದು ಮೊದಲು ಓದಿ ನೋಡಿ, ಇಲ್ಲದಿದ್ದರೆ ಅನುಮತಿ ತಗೊಳ್ಳಿ. ಲೈಸೆನ್ಸ್ ಪ್ರತಿ ಆರ್‌ಸಿ ಜೊತೆಗೇ ಗಾಡಿಯಲ್ಲಿರಲಿ. ನಾಕಾಬಂದಿಯಲ್ಲಿ ಪೊಲೀಸರು ಮೈಕ್ ನೋಡಿ ಪ್ರಶ್ನೆ ಕೇಳುವುದು ಸಹಜ, ಕಾಗದ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಕರೆಂಟು ಎಲ್ಲಿಂದ

ಸಿಗರೇಟ್ ಲೈಟರ್ ಸಾಕೆಟ್‌ನಿಂದ ಬೇಡ. ಅದರ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ನದು, ಒಳಗಿನ ತಂತಿ ತೆಳುವಾದದ್ದು, ಪಿನ್ನು ಬರೀ ಸ್ಪ್ರಿಂಗ್ ಒತ್ತಡದ ಮೇಲೆ ನಿಂತಿರುತ್ತದೆ. ಕೈಯಲ್ಲಿ ಹಿಡಿಯುವ 5 ವಾಟ್ ಸೆಟ್ ಚಾರ್ಜ್ ಮಾಡಲು ಅದು ಸಾಕು. 50 ವಾಟ್ ಸೆಟ್ಟು ಮೈಕಿನ ಗುಂಡಿ ಒತ್ತಿದಾಗ 10ರಿಂದ 13 ಆಂಪಿಯರ್ ಎಳೆಯುತ್ತದೆ. ಸ್ಟೀರಿಯೊ ಹಿಂದಿನ ವೈರಿಗೆ ಟ್ಯಾಪ್ ಹೊಡೆದು ಕೊಡುತ್ತೇನೆ ಎನ್ನುವ ವೈರಿಂಗ್ ಮಿಸ್ತ್ರಿಗೂ ಬೇಡ ಎನ್ನಿ. ಪಾಸಿಟಿವ್ ನೇರ ಬ್ಯಾಟರಿಯಿಂದಲೇ ಬರಬೇಕು.

ತಂತಿ ಎಷ್ಟು ದಪ್ಪ ಬೇಕು ಎಂಬುದಕ್ಕೆ ಅಂದಾಜು ಬೇಡ, ಲೆಕ್ಕ ಹಾಕಬಹುದು. ಬ್ಯಾಟರಿಯಿಂದ ಡ್ರೈವರ್ ಸೀಟಿನ ತನಕ ತಂತಿ ಸುತ್ತಿ ಬಳಸಿ ಸುಮಾರು 4 ಮೀಟರ್ ಹಿಡಿಯುತ್ತದೆ. ಹೋಗುವ ತಂತಿ, ಬರುವ ತಂತಿ ಸೇರಿ 8 ಮೀಟರ್. 12 ಆಂಪಿಯರ್ ಹರಿದಾಗ 2.5 ಚದರ ಮಿಮೀ ಫ್ಲೆಕ್ಸಿಬಲ್ ತಾಮ್ರದಲ್ಲಿ 0.75 ವೋಲ್ಟ್‌ಗಿಂತ ತುಸು ಹೆಚ್ಚು ಕಳೆದುಹೋಗುತ್ತದೆ. 4 ಚದರ ಮಿಮೀ ಹಾಕಿದರೆ ಅರ್ಧ ವೋಲ್ಟ್‌ಗಿಂತ ಸ್ವಲ್ಪ ಕಡಿಮೆ, 6 ಹಾಕಿದರೆ ಸುಮಾರು 0.3 ವೋಲ್ಟ್. ಸೆಟ್ಟುಗಳಿಗೆ ಬೇಕಾದ್ದು 13.8 ವೋಲ್ಟ್, ಶೇ. 15 ಹೆಚ್ಚು ಕಡಿಮೆ ನಡೆಯುತ್ತದೆ, ಅಂದರೆ ಕೆಳಗಿನ ಗಡಿ 11.7. ಇಂಜಿನ್ ಆರಿಸಿ ಮಾತಾಡುವಾಗ ಬ್ಯಾಟರಿಯೇ 12.2ಕ್ಕೆ ಇಳಿದಿರುತ್ತದೆ. ಅದರಲ್ಲಿ 0.75 ಕಳೆದರೆ ಗಡಿಯ ಕೆಳಗೆ ಬಿದ್ದಿರಿ. ಆಗ ಕೆಲವು ಸೆಟ್ಟುಗಳಲ್ಲಿ ಮಾತು ಒಡೆದು ಕೇಳುತ್ತದೆ, ಕೆಲವು ಗುಂಡಿ ಒತ್ತಿದ ಕ್ಷಣಕ್ಕೆ ಆಫ್ ಆಗಿ ಮತ್ತೆ ಆನ್ ಆಗುತ್ತವೆ. ಸೆಟ್ ಕೆಟ್ಟಿದೆ ಎಂದು ರಿಪೇರಿಗೆ ಹೋಗುವ ಎಷ್ಟೋ ಸೆಟ್ಟುಗಳ ರೋಗ ಇಷ್ಟೇ. 6 ಚದರ ಮಿಮೀ ಹಾಕಿ ಮರೆತುಬಿಡಿ. ಪೇಟೆಯಲ್ಲಿ ತಗೊಳ್ಳುವಾಗ ಒಂದು ತುದಿ ಸುಲಿಸಿ ನೋಡಿ. ಎಳೆ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ, ಕಾರ್ ಆಂಪ್ಲಿಫೈಯರ್ ಕಿಟ್‌ಗಳಲ್ಲಿ ಇದೇ ಹೆಚ್ಚು ಬರುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅದರಲ್ಲಿ ವೋಲ್ಟೇಜ್ ಬಹಳ ಬೀಳುತ್ತದೆ, ಕಟ್ಟಿದ ಜಾಗದಲ್ಲಿ ಬೇಗ ಸಡಿಲವಾಗುತ್ತದೆ.

ಫ್ಯೂಸು ಇರುವುದು ತಂತಿ ಸುಡದಿರಲಿ ಅಂತ. ಸೆಟ್ಟಿನ ಜೊತೆ ಬರುವ ಕೇಬಲ್ಲಿನ ಫ್ಯೂಸು ಸೆಟ್ಟಿನ ಹತ್ತಿರ ಇರುತ್ತದೆ, ಅದು ಹಾಗೇ ಇರಲಿ. ಅದರ ಮೇಲೆ ಬ್ಯಾಟರಿಯಿಂದ 15–20 ಸೆಂಟಿಮೀಟರ್ ಒಳಗೆ ಇನ್ನೊಂದು ಬ್ಲೇಡ್ ಫ್ಯೂಸು ಬೇಕೇ ಬೇಕು. ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ತಗಡಿಗೆ ಉಜ್ಜಿ ಇನ್ಸುಲೇಷನ್ ಹರಿದರೆ ಶಾರ್ಟ್ ಆಗುವುದು ಬ್ಯಾಟರಿಗೂ ಸೆಟ್ಟಿಗೂ ನಡುವೆ. ಅಲ್ಲಿ ಸೆಟ್ಟಿನ ಪಕ್ಕದ ಫ್ಯೂಸು ಏನೂ ಮಾಡಲಾರದು, ಬೆಂಕಿ ಬಾನೆಟ್ ಒಳಗೆ ಹತ್ತುತ್ತದೆ. 50 ವಾಟ್ ಸೆಟ್ಟಿಗೆ ಬ್ಯಾಟರಿ ಬದಿ 20 ಆಂಪಿಯರ್, ಅಂದರೆ ಹಳದಿ ಫ್ಯೂಸು. ಸೆಟ್ಟಿನ ಬದಿ ಕಂಪನಿ ಹೇಳಿದ್ದು, ಬಹುತೇಕ 15, ನೀಲಿ. ಮುಚ್ಚಳ ಇರುವ, ನೀರು ಹೋಗದ ಹೋಲ್ಡರ್ ತಗೊಳ್ಳಿ.

ನೆಗೆಟಿವ್ ವಿಷಯದಲ್ಲಿ ಹಳೆಯ ಪುಸ್ತಕಗಳು ಹೇಳುವುದು ಈಗಿನ ಎಲ್ಲ ಗಾಡಿಗಳಿಗೂ ಹೊಂದುವುದಿಲ್ಲ. ಎರಡೂ ತಂತಿ ಬ್ಯಾಟರಿಗೆ, ಎರಡಕ್ಕೂ ಫ್ಯೂಸು ಎನ್ನುವುದು ಮೊದಲಿನ ಪದ್ಧತಿ. ಸಿಗ್ನಲ್‌ನಲ್ಲಿ ತಾನೇ ಆರಿ ತಾನೇ ಚಾಲೂ ಆಗುವ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆಯೇ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಬ್ಯಾಟರಿಯಿಂದ ಎಷ್ಟು ಕರೆಂಟು ಹೋಯಿತು, ಎಷ್ಟು ಬಂತು ಎಂದು ಅದು ಲೆಕ್ಕ ಇಡುತ್ತದೆ. ನಿಮ್ಮ ನೆಗೆಟಿವ್ ಸೀದಾ ಟರ್ಮಿನಲ್‌ಗೆ ಹೋದರೆ ಆ ಲೆಕ್ಕದಿಂದ ರೇಡಿಯೊ ತಪ್ಪಿಸಿಕೊಂಡಂತೆ. ಚಾರ್ಜಿಂಗ್ ಹದ ತಪ್ಪಿ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ಕಪ್ಪು ಕೇಬಲ್ ಬಾಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ, ಅಲ್ಲಿಗೇ ನಿಮ್ಮ ನೆಗೆಟಿವ್ ಕೂಡಿಸಿ. ಹೀಗೆ ಬಾಡಿಗೆ ಕೊಟ್ಟಾಗ ನೆಗೆಟಿವ್ ತಂತಿಯಲ್ಲಿ ಫ್ಯೂಸು ಬೇಕಿಲ್ಲ. ಹಳೆಯ ಬೊಲೆರೊ, ಸುಮೋಗಳಂಥ ಸೆನ್ಸರ್ ಇಲ್ಲದ ಗಾಡಿಯಲ್ಲಿ ಟರ್ಮಿನಲ್‌ಗೇ ಕೊಡುವುದಾದರೆ ಫ್ಯೂಸು ಹಾಕಿ. ಇಂಜಿನ್ನಿನ ಅರ್ಥ್ ಪಟ್ಟಿ ತುಕ್ಕು ಹಿಡಿದು ಕಡಿದುಹೋದರೆ, ಸ್ಟಾರ್ಟರ್ ಮೋಟಾರಿನ ನೂರಾರು ಆಂಪಿಯರ್ ನಿಮ್ಮ ರೇಡಿಯೊದ ಸಣ್ಣ ತಂತಿಯ ದಾರಿ ಹಿಡಿಯುತ್ತದೆ.

ತಂತಿಯ ತುದಿಗೆ ರಿಂಗ್ ಥಿಂಬಲ್, ಅಂದರೆ ಬೋಲ್ಟಿಗೆ ಸೇರಿಸುವ ಉಂಗುರದ ತುದಿ. ಇಲ್ಲಿ ಸ್ವಲ್ಪ ನಿಧಾನ ಮಾಡಿ. 6 ಚದರ ಮಿಮೀ ತಂತಿಗೆ 6ರ ಥಿಂಬಲ್ಲೇ ಬೇಕು, 10ರದ್ದು ತಂದು ಜಜ್ಜಿದರೆ ಹಿಡಿತ ಸಿಗುವುದಿಲ್ಲ. ಥಿಂಬಲ್ ಕೊಳವೆಯ ಉದ್ದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ಸುಲಿಯಿರಿ, ಎಳೆ ಒಂದೂ ಕಡಿಯದಂತೆ. ಹೀಟ್ ಶ್ರಿಂಕ್ ಸ್ಲೀವ್ ಮೊದಲೇ ತಂತಿಗೆ ಪೋಣಿಸಿಡಿ, ಆಮೇಲೆ ನೆನಪಾದರೆ ಕತ್ತರಿಸಿ ಮತ್ತೆ ಮಾಡಬೇಕು. ಎಳೆಗಳನ್ನು ಹೊಸೆಯದೆ ನೇರವಾಗಿ ತೂರಿಸಿ, ಇನ್ನೊಂದು ಬದಿಯಲ್ಲಿ ತುದಿ ಕಾಣಬೇಕು. ಸುತ್ತಿಗೆಯಿಂದಲ್ಲ, ಸಾಮಾನ್ಯ ಪಕ್ಕಡದಿಂದಲೂ ಅಲ್ಲ, ಹಲ್ಲಿನ ಅಳತೆ ಇರುವ ಕ್ರಿಂಪಿಂಗ್ ಪ್ಲೈಯರ್‌ನಿಂದ ಒತ್ತಿ. ಒತ್ತಿದ ಮೇಲೆ ಥಿಂಬಲ್ ಒಂದು ಕೈಯಲ್ಲಿ, ತಂತಿ ಒಂದು ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿ. ಜಾರಿದರೆ ಈಗಲೇ ಜಾರಲಿ. ಮೇಲೆ ಬೆಸುಗೆ ಹಾಕುವ ಆಸೆ ಬರುತ್ತದೆ, ಬೇಡ. ಸೀಸ ಎಳೆಗಳೊಳಗೆ ಹರಿದು ತಂತಿ ಅಲ್ಲಿ ಕಡ್ಡಿಯಾಗುತ್ತದೆ, ಅಲುಗಾಟಕ್ಕೆ ಸರಿಯಾಗಿ ಅದೇ ಗೆರೆಯಲ್ಲಿ ಮುರಿಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಹದಗೆಟ್ಟ ಜಮಖಂಡಿ, ಮುಧೋಳ ಕಡೆಯ ಹಾದಿಗಳಲ್ಲಿ ಅದಕ್ಕೆ ಬಹಳ ಕಾಲ ಬೇಕಿಲ್ಲ. ಬಾಡಿಗೆ ಕೂಡಿಸುವ ಜಾಗದ ಬಣ್ಣವನ್ನು ತಗಡು ಹೊಳೆಯುವ ತನಕ ಕೆರೆದು, ಬೋಲ್ಟ್ ಬಿಗಿದ ಮೇಲೆ ಗ್ರೀಸ್ ಸವರಿ.

ಫೈರ್‌ವಾಲ್‌ನಲ್ಲಿ ಮೊದಲೇ ಇರುವ ಗ್ರಾಮೆಟ್ (ತೂತಿಗೆ ಕೂರಿಸಿದ ರಬ್ಬರ್) ಹುಡುಕಿ, ಅದರಲ್ಲೇ ಸಣ್ಣ ತೂತು ಮಾಡಿ ತಂತಿ ಒಳಗೆ ತನ್ನಿ. ಹೊಸ ರಂಧ್ರ ಕೊರೆದರೆ ರಬ್ಬರ್ ಬುಶ್ ಇಲ್ಲದೆ ತಂತಿ ಹಾಯಿಸಲೇಬಾರದು. ಇಂಜಿನ್ ಬದಿಯ ತಂತಿಗೆ ಫ್ಲೆಕ್ಸಿಬಲ್ ಪೈಪ್ ತೊಡಿಸಿ, ಸೈಲೆನ್ಸರ್ ಮ್ಯಾನಿಫೋಲ್ಡ್ ಮತ್ತು ಸ್ಟೀರಿಂಗ್ ಕಂಬದಿಂದ ದೂರ ಕಟ್ಟಿ.

ಸೆಟ್ ಎಲ್ಲಿ ಕೂರಬೇಕು

12 ಆಂಪಿಯರ್ ಅಂದರೆ ಸುಮಾರು 165 ವಾಟ್ ಒಳಗೆ ಹೋಗುತ್ತದೆ, 50 ಆಂಟೆನಾಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಕಾವು. ವಿಜಯಪುರದ ಏಪ್ರಿಲ್‌ನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೈ ಇಡಲಾಗುವುದಿಲ್ಲ. ಸಾಮಾನ್ಯವಾಗಿ ಸೆಟ್ಟುಗಳಿಗೆ ಕಂಪನಿ ಕೊಡುವ ಗರಿಷ್ಠ ಮಿತಿ 60 ಡಿಗ್ರಿ. ಹಾಗಾಗಿ ಡ್ಯಾಶ್‌ಬೋರ್ಡ್ ಮೇಲೆ ಸೆಟ್ ಬೇಡ. ಮುಖ ಬೇರ್ಪಡುವ ಮಾದರಿ ತಗೊಂಡು, ಸೆಟ್ಟನ್ನು ಸೀಟಿನ ಕೆಳಗೋ ಡಿಕ್ಕಿಯ ಪಕ್ಕದ ಗೋಡೆಗೋ ಕೂಡಿಸಿ, ಮುಖವನ್ನು ಮಾತ್ರ ಮುಂದೆ ತನ್ನಿ. ಸೀಟಿನ ಕೆಳಗಾದರೆ ಕಾರ್ಪೆಟ್ ಮೇಲೆ ಸುಮ್ಮನೆ ಇಡದೆ ಬ್ರಾಕೆಟ್ ಹಾಕಿ 2–3 ಸೆಂಟಿಮೀಟರ್ ಎತ್ತರಿಸಿ. ಎರೆ ಭೂಮಿಯ ಹುಡಿ ಫ್ಯಾನಿನ ಬಾಯಿಗೆ ಮೆತ್ತುತ್ತದೆ, ಆಗಾಗ ಬ್ರಶ್ ಆಡಿಸಬೇಕು.

ಹಳದಿ ಕನೆಕ್ಟರ್, ಹಳದಿ ಪೈಪ್ ಹಾಕಿದ ವೈರು ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಬೇಡಿ, ಅದರ ಜೊತೆ ನಿಮ್ಮ ತಂತಿ ಕಟ್ಟಲೂ ಬೇಡಿ. ಆರು ಏರ್‌ಬ್ಯಾಗಿನ ಗಾಡಿಗಳಲ್ಲಿ ಕಿಟಕಿಯ ಮೇಲಿನ ಅಂಚಿನುದ್ದಕ್ಕೂ ಪರದೆ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಮುಂಗಡ ಕಂಬದ ಪ್ಲಾಸ್ಟಿಕ್ ಒಳಗೆ ಅದರ ಮೇಲೆ ಕೇಬಲ್ ಎಳೆದರೆ ಬೇಕಾದ ಹೊತ್ತಿಗೆ ಅದು ತೆರೆದುಕೊಳ್ಳದೇ ಹೋಗಬಹುದು. ಕೇಬಲ್ಲನ್ನು ಬಾಗಿಲಿನ ಕೆಳಗಿನ ಹೊಸ್ತಿಲ ಪಟ್ಟಿಯ ಒಳಗಿನಿಂದ ತನ್ನಿ.

ಆಂಟೆನಾ

ಟಪ್ಪಿನ, ಅಂದರೆ ಗಾಡಿಯ ಚಾವಣಿಯ ನಟ್ಟನಡುವೆ ಇರುವ ಕಾಲುತರಂಗದ (ಅಲೆಯ ಉದ್ದದ ಕಾಲುಭಾಗದಷ್ಟಿರುವ) ಕಡ್ಡಿ, ಬಾನೆಟ್ ಅಂಚಿನಲ್ಲಿರುವ ದುಬಾರಿ ಆಂಟೆನಾವನ್ನು ಸೋಲಿಸುತ್ತದೆ. ಟಪ್ಪಿನ ತಗಡೇ ಆಂಟೆನಾದ ಅರ್ಧ ಭಾಗ. ಅದು ಸುತ್ತಲೂ ಸಮನಾಗಿ ಸಿಕ್ಕರೆ ಸಿಗ್ನಲ್ ನಾಲ್ಕೂ ದಿಕ್ಕಿಗೆ ಸಮನಾಗಿ ಹೋಗುತ್ತದೆ, ಒಳಗೆ ಕೂತವರಿಗೂ ಆ ತಗಡೇ ರೇಡಿಯೊ ಅಲೆಯಿಂದ ರಕ್ಷಣೆ.

ಅದಕ್ಕೆ ಒಳ್ಳೆಯ ದಾರಿ ಎನ್‌ಎಂಓ ಮೌಂಟ್ (ಒಂದು ಬಗೆಯ ಆಂಟೆನಾ ಬುಡ), ಟಪ್ಪಿಗೆ 19 ಮಿಮೀ ರಂಧ್ರ. ಹೊಸ ಗಾಡಿಗೆ ಡ್ರಿಲ್ ಹಚ್ಚಲು ಮನಸ್ಸಾಗುವುದಿಲ್ಲ, ಒಪ್ಪುತ್ತೇನೆ. ಆದರೂ ಗಾಡಿ ಹತ್ತು ವರ್ಷ ಇಟ್ಟುಕೊಳ್ಳುವವರು ಇದನ್ನೇ ಮಾಡಲಿ. ಒಳಗಿನ ಟಪ್ಪಿನ ದೀಪ ಬಿಚ್ಚಿ, ಆ ತೆರೆದ ಜಾಗದಿಂದ ಕೈ ಹಾಕಿ ಅಡ್ಡಪಟ್ಟಿ ಎಲ್ಲಿ ಹಾದಿದೆ ನೋಡಿ, ಅದರಿಂದ ದೂರ ಗುರುತು ಮಾಡಿ. ರಂಧ್ರದ ಕೆಳಗೆ ಒಳಬಟ್ಟೆಗೂ ತಗಡಿಗೂ ನಡುವೆ ದಪ್ಪ ರಟ್ಟು ತೂರಿಸಿ. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪಂಚ್ ಹೊಡೆದು, 3 ಮಿಮೀ ಪೈಲಟ್ ರಂಧ್ರ, ಆಮೇಲೆ ಆಳ ತಡೆಯುವ ಹೋಲ್ ಸಾ ನಿಧಾನಕ್ಕೆ. ತಗಡು ತೆಳು, ಒತ್ತಿದರೆ ಒಮ್ಮೆಲೇ ಒಳಗೆ ನುಗ್ಗುತ್ತದೆ. ಕಬ್ಬಿಣದ ಪುಡಿ ಒಂದು ಕಣವೂ ಬಿಡದಂತೆ ಬ್ರಶ್‌ನಿಂದ ತೆಗೆಯಿರಿ, ಉಳಿದ ಕಣ ಮೊದಲ ಮಳೆಗೇ ತುಕ್ಕಿನ ಚುಕ್ಕೆಯಾಗುತ್ತದೆ. ರಂಧ್ರದ ಕೆಳಮುಖದ ಬಣ್ಣವನ್ನು ಮೌಂಟಿನ ಹಲ್ಲು ಕೂರುವಷ್ಟು ಕೆರೆಯಬೇಕು, ಅರ್ಥ್ ಸಿಗುವುದು ಅಲ್ಲೇ. ಮೇಲಿನ ಬಣ್ಣ ಕೆರೆಯಬಾರದು, ರಬ್ಬರ್ ರಿಂಗ್ ಅದರ ಮೇಲೆ ಕೂತೇ ನೀರು ತಡೆಯುವುದು.

ರಂಧ್ರ ಬೇಡವೆಂದರೆ ಮ್ಯಾಗ್ನೆಟ್ ಮೌಂಟ್. ಮ್ಯಾಗ್ನೆಟ್ಟಿನ ಅಡಿ ಧೂಳು ಸೇರಿದರೆ ಬಣ್ಣ ಗೀರುತ್ತದೆ, ವಾರಕ್ಕೊಮ್ಮೆ ಎತ್ತಿ ಒರೆಸಿ. ಗಾಜಿನ ಟಪ್ಪಿಗೆ ಇದು ಹಿಡಿಯುವುದಿಲ್ಲ. ಡಿಕ್ಕಿ ಬಾಗಿಲ ಅಂಚಿಗೆ ಕಚ್ಚುವ ಲಿಪ್ ಮೌಂಟ್ ಇನ್ನೊಂದು ದಾರಿ. ಅದರ ಪುಟ್ಟ ಸ್ಕ್ರೂಗಳು ಬಣ್ಣ ತೂರಿ ತಗಡು ಮುಟ್ಟಬೇಕು. ಬಣ್ಣ ಉಳಿಸಲು ರಬ್ಬರ್ ತುಂಡು ಇಟ್ಟರೆ ಅರ್ಥ್ ಹೋಗಿ, ಮುಟ್ಟಿದಾಗೊಂದು ಬಿಟ್ಟಾಗೊಂದು ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಎಂದು ತಿಳಿಸುವ ಅಂಕಿ, 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು) ತೋರಿಸುತ್ತದೆ. ಡಿಕ್ಕಿ ಬಾಗಿಲಿಗೂ ಬಾಡಿಗೂ ನಡುವೆ ತಾಮ್ರದ ಹೆಣೆದ ಪಟ್ಟಿ ಕೊಡಿ, ಗ್ರೀಸ್ ತುಂಬಿದ ಕೀಲನ್ನು ನಂಬಬೇಡಿ. ಕೇಬಲ್ ಬಾಗಿಲ ಸಂದಿಯಲ್ಲಿ ಒಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಇಳಿಬಿಲ್ಲು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೊರಗೇ ಬೀಳಲಿ. ಖಾನಾಪುರ, ಚೋರ್ಲಾ ಕಡೆಯ ಮಳೆಯಲ್ಲಿ ಓಡಾಡುವವರು ಇದನ್ನು ಬಿಡಲೇಬಾರದು. ಹೊರಗಿರುವ ಪ್ರತಿ ಕನೆಕ್ಟರ್‌ಗೂ ತನಗೆ ತಾನೇ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪ್.

ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಆರ್‌ಜಿ-58 ಕೇಬಲ್ 5 ಮೀಟರ್‌ಗೆ 2 ಮೀಟರ್ ಬ್ಯಾಂಡಿನಲ್ಲಿ ಸುಮಾರು 1 ಡಿಬಿ (ಡೆಸಿಬಲ್, ಪವರ್‌ನ ಸುಮಾರು ಐದನೇ ಒಂದು ಪಾಲು) ತಿನ್ನುತ್ತದೆ, ಅಷ್ಟು ಸಹಿಸಬಹುದು. ಅಗ್ಗದ ಮ್ಯಾಗ್ನೆಟ್ ಮೌಂಟಿನ ಜೊತೆ ಬರುವ ಪೆನ್ನಿನ ರೀಫಿಲ್‌ನಷ್ಟು ತೆಳ್ಳಗಿನ ಆರ್‌ಜಿ-174 ಅದರ ಹೆಚ್ಚುಕಡಿಮೆ ಇಮ್ಮಡಿ ತಿನ್ನುತ್ತದೆ.

ಕಡ್ಡಿಯ ಉದ್ದ 145 ಮೆಗಾಹರ್ಟ್ಸ್‌ಗೆ ಕಾಲುತರಂಗಕ್ಕೆ 49 ಸೆಂಟಿಮೀಟರ್ ಆಸುಪಾಸು. ಇದೇ ಕಡ್ಡಿ 435ರಲ್ಲಿ ಮುಕ್ಕಾಲು ತರಂಗವಾಗಿ ನಡೆಯುತ್ತದೆ. ಐದೆಂಟಾಂಶ (5/8) ತರಂಗದ್ದು 1.2 ಮೀಟರ್‌ಗಿಂತ ಹೆಚ್ಚು ಎತ್ತರ. ಅದು ಶಕ್ತಿಯನ್ನು ನೆಲಮಟ್ಟಕ್ಕೆ ಹತ್ತಿರ ಚೆಲ್ಲುವುದರಿಂದ ಇಂಡಿ, ಸಿಂದಗಿಯ ಬಯಲಿಗೆ ಒಳ್ಳೆಯದು. ಬೆಳಗಾವಿಯಿಂದ ಪಶ್ಚಿಮಕ್ಕೆ ಘಟ್ಟದ ಕಡೆ ಕಾಲುತರಂಗವೇ ವಾಸಿ. ಹಳ್ಳಿ ಹಾದಿಗೆ ಬಾಗಿದ ಜಾಲಿ ಟೊಂಗೆಗಳಿಗೆ ಎತ್ತರದ ಕಡ್ಡಿ ಬಡಿಯುತ್ತದೆ, ಬುಡಕ್ಕೆ ಸ್ಪ್ರಿಂಗ್ ಇರುವುದನ್ನೇ ತಗೊಳ್ಳಿ.

ಅಳತೆ ಮಾಡುವುದು ಬಯಲಲ್ಲಿ, ಬಾಗಿಲು ಮುಚ್ಚಿ, ಗಾಡಿಯ ಹತ್ತಿರ ಯಾರೂ ನಿಲ್ಲದಂತೆ. ವಿಎಚ್‌ಎಫ್‌ಗೆ (2 ಮೀಟರ್ ಬ್ಯಾಂಡ್ ಸೇರುವ ಆವರ್ತನ ವರ್ಗ) ಮಾಡಿದ ಎಸ್‌ಡಬ್ಲ್ಯುಆರ್ ಮೀಟರ್ ಅಥವಾ ನ್ಯಾನೊ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಬೇಕು. 27 ಮೆಗಾಹರ್ಟ್ಸ್ ರೇಡಿಯೊಗೆ ಮಾಡಿದ ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಕಡಿಮೆ ಪವರ್‌ನಲ್ಲಿ, ಖಾಲಿ ಇರುವ ಆವರ್ತನದಲ್ಲಿ, ಕಾಲ್‌ಸೈನ್ ಹೇಳಿ 144.2, 145, 145.8 ಮೂರರಲ್ಲೂ ನೋಡಿ. ಕೆಳಗಿನದರಲ್ಲಿ ಕಡಿಮೆ, ಮೇಲಿನದರಲ್ಲಿ ಹೆಚ್ಚು ಬಂದರೆ ಕಡ್ಡಿ ಉದ್ದವಾಗಿದೆ. 1 ಮೆಗಾಹರ್ಟ್ಸ್‌ಗೆ ಬರೀ 3.4 ಮಿಲಿಮೀಟರ್ ವ್ಯತ್ಯಾಸ, ಅದಕ್ಕೇ ಒಂದು ಸಲಕ್ಕೆ 2 ಮಿಲಿಮೀಟರ್‌ಗಿಂತ ಹೆಚ್ಚು ಕತ್ತರಿಸಬೇಡಿ. 1.5ರ ಒಳಗೆ ಬಂದರೆ ಸಾಕು, 1.1 ತರುವ ಹಟಕ್ಕೆ ಕಡ್ಡಿ ಹಾಳು ಮಾಡಬೇಡಿ. ಮೂರರಲ್ಲೂ 3ರ ಮೇಲೆ ತೋರಿಸಿದರೆ ಉದ್ದದ ತಪ್ಪಲ್ಲ. ಅರ್ಥ್ ಸಿಕ್ಕಿಲ್ಲ ಅಥವಾ ಕನೆಕ್ಟರ್ ಒಳಗೆ ಶೀಲ್ಡಿನ ಒಂದು ಎಳೆ ನಡುತಂತಿಯನ್ನು ಮುಟ್ಟಿದೆ. ಆಂಟೆನಾ ಬಿಚ್ಚಿಟ್ಟು ಮಲ್ಟಿಮೀಟರ್‌ನಿಂದ ಕೇಬಲ್ ಮಾತ್ರ ನೋಡಿ. ಬುಡದಲ್ಲಿ ಸುರುಳಿ ಇರುವ ಆಂಟೆನಾ ಸಮೇತ ನೋಡಿದರೆ ಶಾರ್ಟ್ ತೋರಿಸುವುದು ಅದರ ಸಹಜ ಗುಣವಿರಬಹುದು.

ಸದ್ದು

ಎಲ್ಲ ಮುಗಿದ ಮೇಲೆ ಗರ್ ಎನ್ನುವ ಸದ್ದು ಬಂದರೆ ಅದರ ಜಾತಿ ನೋಡಿ. ಎಕ್ಸಲರೇಟರ್ ಜೊತೆ ಏರಿ ಇಳಿಯುವ ಸಿಳ್ಳೆ ಆಲ್ಟರ್ನೇಟರಿನದು, ನೆಗೆಟಿವ್ ಸಂಪರ್ಕ ಮತ್ತೆ ಪರೀಕ್ಷಿಸಿ. ಟಕಟಕ ಎನ್ನುವುದು ಪೆಟ್ರೋಲ್ ಗಾಡಿಯ ಪ್ಲಗ್ಗು, ಕಾಯಿಲ್. ಇಂಜಿನ್ ಆರಿಸಿ ಕೀ ಮಾತ್ರ ತಿರುಗಿಸಿದಾಗಲೂ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಸುಮ್ಮನಿಡುವ ವ್ಯವಸ್ಥೆ) ತೆರೆದೇ ಇದ್ದರೆ ಮೊದಲು ಡ್ಯಾಶ್‌ಕ್ಯಾಮ್ ತೆಗೆಯಿರಿ, ಆಮೇಲೆ ಫೋನ್ ಚಾರ್ಜರ್, ಆಮೇಲೆ ಹೊರಗೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್. ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ ಎನ್ನುವಷ್ಟು ಸಾಮಾನ್ಯ. ಆ ಉಪಕರಣದ ವೈರನ್ನು ಅದರ ಬುಡದಲ್ಲೇ ಫೆರೈಟ್ ಕೋರಿಗೆ (ಇಂಥ ಸದ್ದು ತಡೆಯುವ ಬಳೆ) ನಾಲ್ಕೈದು ಸುತ್ತು ಸುತ್ತಿ. ರೇಡಿಯೊದ ತಂತಿಗೆ ಹಾಕಿದರೆ ಉಪಯೋಗ ಕಡಿಮೆ.

ಎಷ್ಟು ದೂರ

ಎರಡು ಗಾಡಿಗಳ ಆಂಟೆನಾ ನೆಲದಿಂದ 2 ಮೀಟರ್ ಎತ್ತರದಲ್ಲಿದ್ದರೆ ನೇರ ಸಂಪರ್ಕದ ಲೆಕ್ಕ 11–12 ಕಿಲೋಮೀಟರ್. ಒಬ್ಬರು ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಅದೇ 45 ದಾಟುತ್ತದೆ. ಪವರ್ ಇಮ್ಮಡಿ ಮಾಡಿದರೂ ಇಷ್ಟು ಸಿಗದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಮೊಬೈಲ್ ಟವರ್‌ಗೆ ಕರೆಂಟು ನಿಂತರೆ ಫೋನೂ ನಿಲ್ಲುತ್ತದೆ, ಗಾಡಿಯ ರೇಡಿಯೊಗೆ ತನ್ನದೇ ಬ್ಯಾಟರಿ ಇದೆ. ನಿಮ್ಮ ತಾಲ್ಲೂಕಿನಲ್ಲಿ ಗಾಡಿ ಹತ್ತುವ ಎತ್ತರದ ಜಾಗಗಳನ್ನು ಮಳೆಗಾಲಕ್ಕೆ ಮುಂಚೆಯೇ ನೋಡಿಟ್ಟುಕೊಳ್ಳಿ, ಅಲ್ಲಿಂದ ಯಾವ ಊರು ಸಿಗುತ್ತದೆ ಎಂದು ಮಾತಾಡಿ ಬರೆದಿಡಿ. ಇಂಜಿನ್ ಆರಿಸಿ ಕೇಳುತ್ತಾ ಕೂತರೆ ಸೆಟ್ಟು ಗಂಟೆಗೆ ಅರ್ಧ ಆಂಪಿಯರ್-ಅವರ್ ತಿನ್ನುತ್ತದೆ. ಸಣ್ಣ ಕಾರಿನ 35 ಎಎಚ್ ಬ್ಯಾಟರಿಯಲ್ಲಿ ರಾತ್ರಿಯಿಡೀ ಕೇಳಿ, ನಡುನಡುವೆ ಮಾತಾಡಿದರೆ ಬೆಳಿಗ್ಗೆ ಸೆಲ್ಫ್ ಎತ್ತದಿರಬಹುದು. ಮಾತಾಡುವಾಗ ಇಂಜಿನ್ ಚಾಲೂ ಇಡಿ.

40 ಮೀಟರ್ ಬ್ಯಾಂಡಿನ 100 ವಾಟ್ ಸೆಟ್ ಗಾಡಿಗೆ ಹಾಕುವುದು ಬೇರೆಯೇ ಕೆಲಸ. ಕರೆಂಟು 20–22 ಆಂಪಿಯರ್, ತಂತಿ 10 ಚದರ ಮಿಮೀ, ಬಾನೆಟ್, ಬಾಗಿಲು, ಸೈಲೆನ್ಸರ್ ಎಲ್ಲಕ್ಕೂ ಹೆಣೆದ ಪಟ್ಟಿಯ ಬಂಧ. ಕಾಲುತರಂಗವೇ 10 ಮೀಟರ್ ಆಗುವಲ್ಲಿ ಎರಡು ಮೀಟರ್ ಕಡ್ಡಿ ಹೊರಗೆ ಕಳಿಸುವುದು ಕೊಟ್ಟದ್ದರಲ್ಲಿ ಸಣ್ಣ ಪಾಲು ಮಾತ್ರ. ವಿಎಚ್‌ಎಫ್ ಸರಿಯಾಗಿ ನಡೆದ ಮೇಲೆ ಅದರ ಯೋಚನೆ ಮಾಡಿ.

ಕೊನೆಗೆ ಬಾಗಲಕೋಟೆ ಜಿಲ್ಲೆಯಲ್ಲಿ ಓಡಾಡುವವರಿಗೆ ಒಂದು ಮುಖ್ಯ ಮಾತು. ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳ ಹತ್ತಿರ, ಲೋಕಾಪುರ, ಮುಧೋಳ ಕಡೆಯ ಸುಣ್ಣದ ಕಲ್ಲಿನ ಗಣಿಗಳ ಹತ್ತಿರ ಸ್ಫೋಟದ ಬೋರ್ಡ್, ಕೆಂಪು ಬಾವುಟ ಕಂಡರೆ ಪ್ರಸಾರ ನಿಲ್ಲಿಸಿ. ವಿದ್ಯುತ್ ಡಿಟೋನೇಟರಿನ ತಂತಿ ನಿಮ್ಮ ಸಿಗ್ನಲ್ಲಿಗೆ ಆಂಟೆನಾದಂತೆ ವರ್ತಿಸಿ, ಸಮಯಕ್ಕೆ ಮುಂಚೆ ಸಿಡಿಯುವ ಅಪಾಯವಿದೆ. ಪವರ್ ಕಡಿಮೆ ಮಾಡುವುದು ಸಾಲದು, ಸೆಟ್ಟನ್ನೇ ಆಫ್ ಮಾಡಿ ಮುಂದೆ ಸಾಗಿ. ಪೆಟ್ರೋಲ್ ಬಂಕಿನಲ್ಲೂ ಹಾಗೆಯೇ. ಎಪಿಆರ್‌ಎಸ್‌ನಂತೆ (ಗಾಡಿ ಇರುವ ಜಾಗವನ್ನು ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆ) ತಾನೇ ತಾನಾಗಿ ಪ್ರಸಾರ ಮಾಡುವ ಸೌಲಭ್ಯ ಸೆಟ್ಟಿನಲ್ಲಿದ್ದರೆ ಅದು ಚಾಲೂ ಇರುವುದು ಮರೆತುಹೋಗುತ್ತದೆ, ಸ್ವಿಚ್ಚು ಕೈಗೆ ಸಿಗುವಲ್ಲೇ ಇರಲಿ.